ನೂರು ಕುಂಚಕ್ಕಿಂತ ಅರಿತ ಮೂರು ಲೇಸು

ಗಣಕದ ಪರದೆಯ ಮೇಲೆ ಚಿತ್ರ ಬರೆಯಲು ಕುಳಿತವರಿಗೆ ಮೊದಲು ಎದುರಾಗುವುದು ಕುಂಚಗಳ ಸಂತೆ. ಚಿತ್ರರಚನೆಯ ತಂತ್ರಾಂಶಗಳಲ್ಲಿ ಪೆನ್ಸಿಲ್, ಇದ್ದಿಲು, ಜಲವರ್ಣ, ತೈಲವರ್ಣ, ಮೋಡ, ಎಲೆ, ಹುಲ್ಲು ಎಂದು ಹತ್ತಾರು ಬಗೆಯ ಕುಂಚಗಳು ಮೊದಲೇ ತುಂಬಿರುತ್ತವೆ. ಸಾಲದೆಂಬಂತೆ ಇನ್ನಷ್ಟು ಕುಂಚಗಳ ಕಟ್ಟುಗಳು ಅಂತರ್ಜಾಲದಲ್ಲಿ ಮಾರಾಟಕ್ಕಿವೆ. ಹೊಸಬರು ಹಣ ತೆತ್ತು ಅವನ್ನು ಸೇರಿಸಿಕೊಳ್ಳುತ್ತಾ ಹೋಗುತ್ತಾರೆ. ಚಿತ್ರ ಮಾತ್ರ ಮಂಕಾಗಿಯೇ ಉಳಿಯುತ್ತದೆ. ಕುಂಚ ಕೆಲಸ ಮಾಡುವ ಬಗೆ ತಿಳಿಯದಿರುವುದೇ ಇದರ ಮೂಲ.

ಸಾಲು ಸಾಲು ಅಚ್ಚುಗಳು

ಗಣಕದ ಕುಂಚಕ್ಕೆ ಕೂದಲಿಲ್ಲ. ಸಾಮಾನ್ಯವಾಗಿ ಅದೊಂದು ಅಚ್ಚು. ಲೇಖನಿ ಸಾಗಿದ ಹಾದಿಯುದ್ದಕ್ಕೂ ತಂತ್ರಾಂಶವು ಆ ಅಚ್ಚನ್ನು ಮತ್ತೆ ಮತ್ತೆ ಒತ್ತುತ್ತಾ ಹೋಗುತ್ತದೆ. ಅಚ್ಚುಗಳು ಒಂದರ ಮೇಲೊಂದು ಏರಿಕೊಂಡಾಗ ಕಣ್ಣಿಗೆ ಅಖಂಡ ಗೆರೆ ಕಾಣುತ್ತದೆ. ಎರಡು ಅಚ್ಚುಗಳ ನಡುವಿನ ಅಂತರಕ್ಕೆ ‘ಸ್ಪೇಸಿಂಗ್’ ಎಂದು ಹೆಸರು. ಅಡೋಬಿ ಫೋಟೋಶಾಪ್‌ನ ದುಂಡು ಕುಂಚದಲ್ಲಿ ಇದು ಸಾಮಾನ್ಯವಾಗಿ ಕುಂಚದ ವ್ಯಾಸದ ಶೇ. 25ರಷ್ಟಿರುತ್ತದೆ. ಶೇ. 100ನ್ನು ದಾಟಿಸಿದರೆ ಗೆರೆ ಒಡೆದು ಚುಕ್ಕಿಗಳ ಸಾಲಾಗುತ್ತದೆ. ತೀರಾ ಇಳಿಸಿದರೆ ಗೆರೆ ನುಣುಪಾಗುತ್ತದೆ; ಆದರೆ ದೊಡ್ಡ ಕುಂಚ ಬಳಸುವಾಗ ಗಣಕದ ಮೇಲೆ ಹೊರೆ ಹೆಚ್ಚಿ, ಗೆರೆಯು ಕೈಗಿಂತ ಹಿಂದೆ ಬೀಳುತ್ತದೆ.

ಲೇಖನಿಯ ಒತ್ತಡ ಮತ್ತೊಂದು ಮುಖ್ಯ ಸಂಗತಿ. ಸಾಮಾನ್ಯ ಮೌಸ್ ಒತ್ತಡವನ್ನು ಅರಿಯದು. ಗ್ರಾಫಿಕ್ಸ್ ಟ್ಯಾಬ್ಲೆಟ್‌ನ ಲೇಖನಿ ಅರಿಯುತ್ತದೆ. ಒತ್ತಡವನ್ನು ಕುಂಚದ ಗಾತ್ರಕ್ಕೆ ಜೋಡಿಸಿದರೆ ಗೆರೆ ತೆಳುವಾಗಿ ಆರಂಭವಾಗಿ, ನಡುವೆ ದಪ್ಪವಾಗಿ, ಮತ್ತೆ ತೆಳುವಾಗಿ ಮುಗಿಯುತ್ತದೆ. ರೇಖಾಚಿತ್ರಕ್ಕೆ ಇದು ಸೂಕ್ತ. ಬಣ್ಣ ತುಂಬುವಾಗ ಅದನ್ನು ಬಣ್ಣದ ಗಾಢತೆಗೆ ಜೋಡಿಸುವುದು ಅನುಕೂಲಕರ. ಎರಡಕ್ಕೂ ಒಮ್ಮೆಗೇ ಜೋಡಿಸಿದರೆ ಹೊಸ ಕೈಗೆ ಹತೋಟಿ ತಪ್ಪುವುದುಂಟು.

‘ಒಪಾಸಿಟಿ’ ಹಾಗೂ ‘ಫ್ಲೋ’ ಎಂಬ ಅಳತೆಗಳು ಅನೇಕರನ್ನು ಗೊಂದಲಕ್ಕೀಡು ಮಾಡುತ್ತವೆ. ಫೋಟೋಶಾಪ್‌ನಲ್ಲಿ ಒಪಾಸಿಟಿಯನ್ನು ಶೇ. 50ಕ್ಕೆ ಇಟ್ಟರೆ, ಲೇಖನಿಯನ್ನು ಎತ್ತದೆ ಎಷ್ಟು ಸಲ ಆಡಿಸಿದರೂ ಬಣ್ಣ ಆ ಮಿತಿಯನ್ನು ಮೀರದು. ಎತ್ತಿ ಮತ್ತೆ ಎಳೆದಾಗಲಷ್ಟೇ ಗಾಢವಾಗುತ್ತದೆ. ಫ್ಲೋ ಎಂಬುದು ಪ್ರತಿ ಅಚ್ಚಿಗೂ ಸಿಗುವ ಬಣ್ಣದ ಪ್ರಮಾಣ. ಅದನ್ನು ಇಳಿಸಿದಾಗ ಅಚ್ಚುಗಳು ಏರಿಕೊಂಡಲ್ಲೆಲ್ಲ ಒಂದೇ ಎಳೆತದಲ್ಲೂ ಬಣ್ಣ ಕೂಡುತ್ತಾ ಹೋಗುತ್ತದೆ. ಮಟ್ಟಸವಾದ ಛಾಯೆಗೆ ಮೊದಲನೆಯದು, ಮೆಲ್ಲನೆ ಏರುವ ಛಾಯೆಗೆ ಎರಡನೆಯದು ಹೊಂದುತ್ತದೆ.

ಅಂಚಿನಲ್ಲಿದೆ ಜೀವ

ಈ ಎಲ್ಲಕ್ಕಿಂತ ಮಿಗಿಲಾದುದು ಅಂಚಿನ ಅರಿವು. ಕಿಟಕಿಯ ಬಳಿ ಇಟ್ಟ ಮಣ್ಣಿನ ಮಡಕೆಯನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಮಡಕೆಯ ದುಂಡು ಹೊಟ್ಟೆಯ ಮೇಲೆ ಬೆಳಕು ನೆರಳಿನತ್ತ ಮೆಲ್ಲನೆ ತಿರುಗುತ್ತದೆ. ಬಾಯಿಯ ಅಂಚು ಹಿನ್ನೆಲೆಯಿಂದ ಖಚಿತವಾಗಿ ಬೇರ್ಪಡುತ್ತದೆ. ನೆಲದ ಮೇಲೆ ಬಿದ್ದ ನೆರಳು ಬುಡದ ಬಳಿ ಸ್ಪಷ್ಟವಾಗಿದ್ದು, ದೂರ ಸರಿದಂತೆ ಮಸುಕಾಗುತ್ತದೆ. ಎಲ್ಲವನ್ನೂ ಮೃದು ಅಂಚಿನ ಕುಂಚದಿಂದ ಬರೆದರೆ ಮಡಕೆ ಹೊಗೆಯಲ್ಲಿ ಮುಳುಗಿದಂತೆ ತೋರುತ್ತದೆ. ಹೊಸಬರ ಚಿತ್ರಗಳು ಮಂಕಾಗುವುದು ಹೆಚ್ಚಾಗಿ ಹೀಗೆಯೇ. ಎಲ್ಲವನ್ನೂ ಗಡಸು ಅಂಚಿನಿಂದಲೇ ಮುಗಿಸಿದರೆ ಕಾಗದ ಕತ್ತರಿಸಿ ಅಂಟಿಸಿದಂತೆ ಕಾಣಬಹುದು.

ಆದ್ದರಿಂದ ಆರಂಭಕ್ಕೆ ಮೂರೇ ಕುಂಚ ಸಾಕು: ಗಡಸು ಅಂಚಿನ ದುಂಡು ಕುಂಚ, ಮೃದು ಅಂಚಿನ ದುಂಡು ಕುಂಚ ಮತ್ತು ಒಂದು ಒರಟು ಕುಂಚ. ಮೊದಲು ದೊಡ್ಡ ಗಾತ್ರದ ಗಡಸು ಕುಂಚದಿಂದ ಬೆಳಕು ನೆರಳುಗಳ ದೊಡ್ಡ ಭಾಗಗಳನ್ನು ಬೇರ್ಪಡಿಸಬೇಕು. ಅಂಚು ಕರಗಬೇಕಾದಲ್ಲಿ ಮಾತ್ರ ಮೃದು ಕುಂಚ ಬರಬೇಕು. ಮಣ್ಣು, ತೊಗಟೆ, ಗೋಡೆಗಳ ಒರಟುತನ ಕಡೆಯ ಕೆಲಸ. ಎಲೆ, ಮೋಡಗಳ ಸಿದ್ಧ ಅಚ್ಚುಗಳೂ ಉಪಯುಕ್ತವೇ. ಆದರೆ ಒಂದೇ ಎಲೆ ಹತ್ತು ಕಡೆ ಮರುಕಳಿಸಿದರೆ ನೋಡುಗರ ಕಣ್ಣು ಅದನ್ನು ಕೂಡಲೇ ಹಿಡಿಯುತ್ತದೆ. ಮರದ ಒಟ್ಟು ಆಕಾರವನ್ನು ಕೈಯಿಂದ ಬರೆದು, ಅಂಚುಗಳಲ್ಲಿ ಮಾತ್ರ ಗಾತ್ರ ಮತ್ತು ಕೋನ ಬದಲಿಸುತ್ತಾ ಎಲೆಯ ಅಚ್ಚನ್ನು ಬಳಸುವುದು ಒಳ್ಳೆಯದು.

ಹಣ ತೆರದೆ ಕಲಿಯಬಯಸುವವರಿಗೆ ‘ಕ್ರಿಟಾ’ ಎಂಬ ಮುಕ್ತ ತಂತ್ರಾಂಶವಿದೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಅದು ನಡೆಯುತ್ತದೆ. ಅದರಲ್ಲಿ ಕೀಲಿಮಣೆಯ ‘ಇ’ ಒತ್ತಿದರೆ ಕೈಯಲ್ಲಿರುವ ಕುಂಚವೇ ಅಳಿಸುವ ಸಾಧನವಾಗುತ್ತದೆ. ಬರೆದ ಅಂಚಿಗೂ ಅಳಿಸಿದ ಅಂಚಿಗೂ ವ್ಯತ್ಯಾಸ ಉಳಿಯದು. 2014ರಲ್ಲಿ ‘ಪೆಪ್ಪರ್ ಅಂಡ್ ಕ್ಯಾರಟ್’ ಚಿತ್ರಕಥಾ ಮಾಲಿಕೆ ಆರಂಭಿಸಿದ ಫ್ರಾನ್ಸಿನ ಕಲಾವಿದ ಡೇವಿಡ್ ರೆವಾಯ್ ಅದನ್ನು ರಚಿಸುವುದು ಕ್ರಿಟಾದಲ್ಲಿಯೇ. ತಮ್ಮ ಕುಂಚಗಳನ್ನೂ ಅವರು ಉಚಿತವಾಗಿ ಹಂಚಿದ್ದಾರೆ.

ಕಲಿಕೆಗೆ ಒಂದು ಸರಳ ಅಭ್ಯಾಸವಿದೆ. ಒಂದೇ ಮಡಕೆಯನ್ನು ಒಮ್ಮೆ ಗಡಸು ಕುಂಚದಿಂದಷ್ಟೇ, ಮತ್ತೊಮ್ಮೆ ಮೃದು ಕುಂಚದಿಂದಷ್ಟೇ, ಮೂರನೆಯ ಬಾರಿ ಎರಡರಿಂದಲೂ ಬರೆಯುವುದು. ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಯಾವ ಅಂಚು ಎಲ್ಲಿ ಬೇಕೆಂಬುದು ಕಣ್ಣಿಗೇ ತಿಳಿಯುತ್ತದೆ. ಆ ಬಳಿಕವೂ ಕೊರತೆಯೆನಿಸಿದರೆ ನಾಲ್ಕನೆಯ ಕುಂಚವನ್ನು ಹುಡುಕಬಹುದು.