ಪೆನ್‌ಡ್ರೈವ್ ಹೇಳಿದ್ದನ್ನೆಲ್ಲ ನಂಬುವ ಕಂಪ್ಯೂಟರ್

"ಪೆನ್‌ಡ್ರೈವ್ ಹಾಕಿದ ಕೂಡಲೇ ಆಂಟಿವೈರಸ್ ಸ್ಕ್ಯಾನ್ ಮಾಡುತ್ತದೆ, ಇನ್ನೇನು ಭಯ?" ಜೆರಾಕ್ಸ್ ಅಂಗಡಿಯಿಂದ ದೊಡ್ಡ ಕಚೇರಿಗಳವರೆಗೆ ಕೇಳಿಬರುವ ಮಾತಿದು. ಆದರೆ ಆಂಟಿವೈರಸ್ ಮುಖ್ಯವಾಗಿ ನೋಡುವುದು ಫೈಲುಗಳನ್ನು. ಅಪಾಯ ಫೈಲಿನಲ್ಲೇ ಇರಬೇಕೆಂದಿಲ್ಲ.

ಯುಎಸ್‌ಬಿ ಸಾಧನ ಸಿಕ್ಕಿಸಿದೊಡನೆ ಕಂಪ್ಯೂಟರ್ ಅದು ಯಾರೆಂದು ವಿಚಾರಿಸುತ್ತದೆ. ಸಾಧನ ತನ್ನ ವರ್ಗದ ಸಂಖ್ಯೆ ಹೇಳುತ್ತದೆ: 08 ಎಂದರೆ ಸ್ಟೋರೇಜ್, 03 ಎಂದರೆ ಕೀಬೋರ್ಡ್, ಮೌಸ್‌ಗಳ ಗುಂಪು. ಹೇಳಿದ್ದು ನಿಜವೋ ಸುಳ್ಳೋ ಎಂದು ಸಾಮಾನ್ಯವಾಗಿ ಯಾರೂ ತಾಳೆ ನೋಡುವುದಿಲ್ಲ. 2014ರಲ್ಲಿ ಲಾಸ್ ವೇಗಸ್‌ನ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಭದ್ರತಾ ಸಂಶೋಧಕರಾದ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ ಇದನ್ನೇ ತೋರಿಸಿದರು. ಪೆನ್‌ಡ್ರೈವ್ ಒಳಗಿನ ಕಂಟ್ರೋಲರ್ ಚಿಪ್‌ನ ಫರ್ಮ್‌ವೇರ್, ಅಂದರೆ ಚಿಪ್ಪನ್ನು ನಡೆಸುವ ಒಳ ತಂತ್ರಾಂಶ, ಬದಲಿಸಿದ್ದರು. ಅದು ತಾನು ಕೀಬೋರ್ಡ್ ಎಂದಿತು, ಕಂಪ್ಯೂಟರ್ ಒಪ್ಪಿತು, ಕಮಾಂಡ್‌ಗಳು ತಾವಾಗಿಯೇ ಟೈಪ್ ಆದವು. ಬ್ಯಾಡ್‌ಯುಎಸ್‌ಬಿ ಎಂಬ ಹೆಸರು ಬಂದದ್ದು ಆಗ.

ಫಾರ್ಮ್ಯಾಟ್ ಮಾಡಿದರೆ ಇದು ಹೋಗುತ್ತದೆ ಎನ್ನುವವರಿದ್ದಾರೆ. ಹೋಗುವುದಿಲ್ಲ, ಫಾರ್ಮ್ಯಾಟ್ ಫರ್ಮ್‌ವೇರನ್ನು ಮುಟ್ಟುವುದೇ ಇಲ್ಲ.

"ನಮ್ಮಲ್ಲಿ ಪೆನ್‌ಡ್ರೈವ್ ಬ್ಲಾಕ್ ಮಾಡಿದ್ದೇವೆ" ಎಂಬುದು ಇನ್ನೊಂದು ಸಮಾಧಾನ. ಬ್ಲಾಕ್ ಆದದ್ದು ಸ್ಟೋರೇಜ್ ಮಾತ್ರವಾದರೆ ಕೀಬೋರ್ಡಿನ ಬಾಗಿಲು ತೆರೆದೇ ಇರುತ್ತದೆ. ಸ್ಕ್ರೀನ್ ಲಾಕ್ ಕೂಡ ಪೂರ್ತಿ ಕಾಯುವುದಿಲ್ಲ. 2016ರಲ್ಲಿ ಭದ್ರತಾ ಸಂಶೋಧಕ ಸ್ಯಾಮಿ ಕಾಮ್ಕರ್ ರಾಸ್ಪ್‌ಬೆರಿ ಪೈ ಜೀರೋ ಎಂಬ ಪುಟ್ಟ ಕಂಪ್ಯೂಟರ್ ಬಳಸಿ ತಯಾರಿಸಿದ ಪಾಯಿಸನ್‌ಟ್ಯಾಪ್ ಎಂಬ ಸಾಧನ ತಾನು ನೆಟ್‌ವರ್ಕ್ ಅಡಾಪ್ಟರ್ ಎಂದು ಹೇಳಿಕೊಂಡು, ಲಾಕ್ ಆದ ಕಂಪ್ಯೂಟರಿನಲ್ಲಿ ತೆರೆದಿಟ್ಟ ಬ್ರೌಸರಿನಿಂದ ಕುಕಿಗಳನ್ನು (ವೆಬ್‌ಸೈಟುಗಳು ನಿಮ್ಮನ್ನು ಗುರುತಿಸಲು ಬ್ರೌಸರಿನಲ್ಲಿ ಇಡುವ ಮಾಹಿತಿ) ಎಳೆದುಕೊಳ್ಳುತ್ತಿತ್ತು.

ಹಾಗಾದರೆ ಕಂಪನಿ, ಮಾಡೆಲ್ ಸಂಖ್ಯೆ ನೋಡಿ ಒಳಗೆ ಬಿಟ್ಟರೆ ಸಾಕೇ? ಸಾಲದು. ಆ ಸಂಖ್ಯೆಗಳನ್ನೂ ಸಾಧನವೇ ಹೇಳುವುದು, ಸೀರಿಯಲ್ ನಂಬರನ್ನೂ ಅದೇ. ಹೆಸರಿಗಿಂತ ಕೆಲಸವನ್ನು ಕಟ್ಟಿಹಾಕುವುದೇ ಗಟ್ಟಿಯಾದ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಲಿನಕ್ಸ್‌ನ ಯುಎಸ್‌ಬಿಗಾರ್ಡ್ ಎಂಬ ತಂತ್ರಾಂಶದಲ್ಲಿ 'ಬರೀ 08 ವರ್ಗ ತೋರಿಸುವ ಸಾಧನಕ್ಕೆ ಮಾತ್ರ ಅನುಮತಿ' ಎಂಬ ನಿಯಮ ಬರೆಯಬಹುದು. 08ರ ಜೊತೆ 03 ಕೂಡ ತೋರಿಸುವ ಪೆನ್‌ಡ್ರೈವ್ ಆಗ ಹೊರಗೇ ಉಳಿಯುತ್ತದೆ. ಸುಳ್ಳು ಹೇಳಿ ಒಳಬಂದ ಸಾಧನಕ್ಕೂ ಸ್ಟೋರೇಜ್ ಕೆಲಸ ಬಿಟ್ಟು ಬೇರೇನೂ ಸಿಗುವುದಿಲ್ಲ. ಅದರಲ್ಲಿರುವ ಫೈಲುಗಳನ್ನು ನೋಡಿಕೊಳ್ಳಲು ಆಂಟಿವೈರಸ್ ಬೇಕೇ ಬೇಕು.

ಆಪಲ್ ಸಿಲಿಕಾನ್ ಚಿಪ್‌ನ ಮ್ಯಾಕ್ ಲ್ಯಾಪ್‌ಟಾಪ್‌ಗಳು 2022ರ ಮ್ಯಾಕ್‌ಓಎಸ್ ವೆಂಚುರಾ ಆವೃತ್ತಿಯಿಂದ ಹೊಸ ಸಾಧನ ಬಂದಾಗ ಅನುಮತಿ ಕೇಳುತ್ತವೆ. ವಿಂಡೋಸ್‌ನಲ್ಲಿ ಗ್ರೂಪ್ ಪಾಲಿಸಿ ಮೂಲಕ ಹೊಸ ಸಾಧನಗಳ ಇನ್‌ಸ್ಟಾಲ್ ತಡೆಯಬಹುದು. ಹೋಮ್ ಆವೃತ್ತಿಯಲ್ಲಿ ಮಾತ್ರ ಅದರ ಎಡಿಟರ್ ಬರುವುದಿಲ್ಲ.

ಯುಎಸ್‌ಬಿಗಾರ್ಡ್ ಹಾಕುವವರಿಗೆ ಒಂದು ಎಚ್ಚರಿಕೆ. ನಿಮ್ಮ ಕೀಬೋರ್ಡ್, ಮೌಸ್ ಸಿಕ್ಕಿಸಿಟ್ಟು ಮೊದಲು ನಿಯಮಗಳ ಪಟ್ಟಿ ಮಾಡಿಸಿಕೊಳ್ಳಿ, ಆಮೇಲೆ ಸೇವೆ ಶುರುಮಾಡಿ. ಕ್ರಮ ತಪ್ಪಿದರೆ ಡೆಸ್ಕ್‌ಟಾಪಿನಲ್ಲಿ ನಿಮ್ಮ ಕೀಬೋರ್ಡೇ ಬ್ಲಾಕ್ ಆಗಿ, ಅದನ್ನು ಬಿಡಿಸುವ ಕಮಾಂಡ್ ಟೈಪ್ ಮಾಡಲೂ ಆಗದು.