ಸೀತಾಫಲವನ್ನು ದುಂಡಗಾಗಿಸುವ ಜೀರುಂಡೆ

ಆಶ್ವಯುಜ ಮಾಸ ಬಂತೆಂದರೆ ಛತ್ರಪತಿ ಸಂಭಾಜಿನಗರದಿಂದ ದೌಲತಾಬಾದಿನ ದುರ್ಗಕ್ಕೂ, ಅಲ್ಲಿಂದ ರಾಷ್ಟ್ರಕೂಟ ಕೃಷ್ಣನು ಕೈಲಾಸವನ್ನು ಕಡೆಯಿಸಿದ ಎಲ್ಲೋರಕ್ಕೂ ಸಾಗುವ ಹಾದಿಯ ಬದಿಯಲ್ಲಿ ಸೀತಾಫಲದ ಬುಟ್ಟಿಗಳು ಕಾಣಿಸಿಕೊಳ್ಳುತ್ತವೆ. ಮಳೆ ಅಲ್ಪವಾಗಿ ಕಲ್ಲೇ ಅಧಿಕವಾದ ಇಳಿಜಾರುಗಳಲ್ಲಿ ಯಾರ ಆರೈಕೆಯನ್ನೂ ಬಯಸದೆ, ಮೇಕೆಯೂ ಬಾಯಿಡದ ಎಲೆಗಳನ್ನು ಹೊತ್ತು ನಿಲ್ಲುವ ಈ ಗಿಡಕ್ಕೆ, ದ್ರಾಕ್ಷಿಯ ಊರೆಂದು ಹೆಸರಾದ ನಾಶಿಕದಲ್ಲಿಯೂ ಮನೆಯ ಹಿತ್ತಿಲಿನಲ್ಲಿ ಸ್ಥಾನ ತಪ್ಪಿಲ್ಲ. ಸಂಭಾಜಿನಗರಕ್ಕೆ ನೆರೆಯ ಬೀಡ್ ಜಿಲ್ಲೆಯ ಸೀತಾಫಲಕ್ಕಂತೂ 2016ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು.

ಹಬ್ಬಕ್ಕೆ ಮುನ್ನ ಮನೆಮಂದಿಯೆಲ್ಲ ಸೇರಿ ಕೊಯ್ದ ಕಾಯಿಗಳನ್ನು ಜಗಲಿಯಲ್ಲಿ ಹರಡಿದಾಗ ಒಂದು ವೈಚಿತ್ರ್ಯ ಕಣ್ಣಿಗೆ ಬೀಳುತ್ತದೆ. ಒಂದೇ ಗಿಡದ, ಒಂದೇ ಕೊಂಬೆಯ ಕಾಯಿಗಳಲ್ಲಿ ಒಂದು ಸರ್ವಾಂಗವೂ ತುಂಬಿ ದುಂಡಗಿದ್ದರೆ, ಮತ್ತೊಂದು ಒಂದು ಪಾರ್ಶ್ವದಲ್ಲಿ ಕುಗ್ಗಿ ಸೊಟ್ಟಗಿರುತ್ತದೆ. ನೀರು ಗೊಬ್ಬರಗಳ ಕೊರತೆಯಾದರೆ ಅದು ಎಲ್ಲ ಕಾಯಿಗಳನ್ನೂ ಸಮನಾಗಿ ಬಾಧಿಸಬೇಕಷ್ಟೆ. ಈ ಭೇದದ ಮೂಲವನ್ನು ಹಣ್ಣಿನಲ್ಲಲ್ಲ, ಮೂರು ನಾಲ್ಕು ತಿಂಗಳ ಹಿಂದೆ ಅರಳಿದ ಹೂವಿನಲ್ಲಿ ಅರಸಬೇಕು.

ಸೀತಾಫಲವೆಂಬುದು ವಸ್ತುತಃ ಒಂದು ಹಣ್ಣಲ್ಲ. ಒಂದೇ ಸೂರಿನಡಿ ಬಾಳುವ ಅವಿಭಕ್ತ ಕುಟುಂಬದಂತೆ ಅನೇಕ ಕಿರುಹಣ್ಣುಗಳು ಕೂಡಿ ಬೆಳೆದ ಸಂಯುಕ್ತ ಫಲ. ಹೂವಿನ ಮಧ್ಯದಲ್ಲಿ ಒತ್ತಾಗಿ ನಿಂತ ಹಲವು ಅಂಡಾಶಯಗಳಲ್ಲಿ ಪರಾಗ ಮುಟ್ಟಿದುದೊಂದೊಂದೂ ಬೀಜ ಕಟ್ಟಿ, ತನ್ನ ಸುತ್ತ ತಿರುಳನ್ನು ತುಂಬಿಕೊಂಡು, ಹೊರಗೆ ಒಂದು ಕಣ್ಣಾಗಿ ಉಬ್ಬುತ್ತದೆ. ಪರಾಗ ಮುಟ್ಟದ ಅಂಡಾಶಯಗಳು ಬೆಳೆಯದೆ ಉಳಿಯುವುದರಿಂದ ಕಾಯಿ ಆ ಪಕ್ಕಕ್ಕೆ ಕುಗ್ಗುತ್ತದೆ.

ಆದರೆ ಪರಾಗ ಮುಟ್ಟುವುದು ಸುಲಭವಲ್ಲ. ದಪ್ಪನೆಯ ಮೂರು ಹಳದಿಹಸುರು ದಳಗಳ ಈ ಹೂವು ತಲೆ ಕೆಳಗಾಗಿ ತೂಗುತ್ತದೆ. ಮೊದಲು ದಳಗಳು ಕೊಂಚವೇ ಬಿರಿದಿರುವಾಗ ಅಂಡಾಶಯಗಳ ತುದಿಯ ಶಲಾಕಾಗ್ರಗಳು ತೇವಗೊಂಡು ಪರಾಗವನ್ನು ಸ್ವೀಕರಿಸಲು ಸಿದ್ಧವಾಗಿರುತ್ತವೆ. ಅವು ಒಣಗಿದ ಮೇಲೆಯೇ ದಳಗಳು ಅಗಲವಾಗಿ ತೆರೆದು ಕೇಸರಗಳು ಪರಾಗವನ್ನು ಸುರಿಸುತ್ತವೆ. ಹೀಗೆ ಪ್ರತಿಯೊಂದು ಹೂವೂ ಮೊದಲು ಸ್ತ್ರೀಯಾಗಿ, ಅನಂತರ ಪುರುಷನಾಗಿ ವರ್ತಿಸುವುದರಿಂದ ತನ್ನ ಪರಾಗ ತನಗೇ ಸಲ್ಲುವುದು ವಿರಳ. ಜೇನ್ನೊಣವಂತೂ ಈ ಇಕ್ಕಟ್ಟಾದ ಹೂವಿನ ಕಡೆ ಹೆಚ್ಚಾಗಿ ಸುಳಿಯುವುದಿಲ್ಲ.

ಇಲ್ಲಿ ನೆರವಿಗೆ ಬರುವುದು ನಿಟಿಡ್ಯುಲಿಡೇ ಎಂಬ ಕುಟುಂಬದ, ಕೆಲವೇ ಮಿಲಿಮೀಟರ್ ಉದ್ದದ ಕಂದು ಜೀರುಂಡೆ. ಇದರ ಗಟ್ಟಿಯಾದ ಹೊರರೆಕ್ಕೆಗಳು ಗಿಡ್ಡವಾದುದರಿಂದ ಉದರದ ತುದಿ ಹೊರಗೆ ಕಾಣುತ್ತಿರುತ್ತದೆ. ಮೀಸೆಗಳ ಕೊನೆ ಪುಟ್ಟ ಗದೆಯಂತೆ ದಪ್ಪಗಾಗಿರುತ್ತದೆ. ಬಿದ್ದು ಹುಳಿತ ಹಣ್ಣಿನಲ್ಲಿ ಮರಿಮಾಡುವ ಈ ಪ್ರಾಣಿಯನ್ನು ಕಂಡು ಗೃಹಿಣಿಯರು ಮುಖ ಸಿಂಡರಿಸುವುದು ಸಹಜವೇ. ಆದರೆ ಹಣ್ಣಿನ ವಾಸನೆಯನ್ನು ಅರಸುವ ಅದೇ ಸ್ವಭಾವವೇ ಅದನ್ನು ಸೀತಾಫಲದ ಹೂವಿನ ಕಂಪಿಗೂ ಸೆಳೆಯುತ್ತದೆ. ಬಿರಿದ ದಳಗಳ ಸಂದಿಯಲ್ಲಿ ನುಸುಳಿ, ಮೈಗಂಟಿದ ಪರಾಗವನ್ನು ಶಲಾಕಾಗ್ರಗಳ ಮೇಲೆ ತೀಡುತ್ತ ಅದು ಒಳಗೆಲ್ಲ ಹರಿದಾಡುತ್ತದೆ. ಸೀತಾಫಲದ ಕುಲದ ಫಲವೃಕ್ಷಗಳಿಗೆ ಈ ಜೀರುಂಡೆಗಳೇ ಪ್ರಧಾನ ಪರಾಗವಾಹಕಗಳೆಂದು ಗಾಜಿತ್, ಗಾಲೋನ್, ಪೊಡೋಲರ್ ಎಂಬ ವಿಜ್ಞಾನಿಗಳು ಇಸ್ರೇಲಿನ ತೋಟಗಳಲ್ಲಿ ಪರೀಕ್ಷಿಸಿ 1982ರಲ್ಲಿ ಪ್ರಕಟಿಸಿದರು. ಗಿಡ ಅಮೆರಿಕದ ಉಷ್ಣವಲಯದಿಂದ ಬಂದುದಾದರೂ ಈ ಕೀಟಕುಟುಂಬ ಜಗತ್ತಿನ ಉದ್ದಗಲಕ್ಕೂ ಹರಡಿರುವುದರಿಂದ ದಖ್ಖನಿನಲ್ಲಿ ಗಿಡಕ್ಕೆ ಪರಿಚಾರಕರ ಅಭಾವವಾಗಲಿಲ್ಲ.

ಕೀಟವೊಂದೇ ಸಾಲದು, ಗಾಳಿಯ ತೇವವೂ ಬೇಕು. ವೈಶಾಖದ ಬಿಸಿಗಾಳಿಯಲ್ಲಿ ಶಲಾಕಾಗ್ರಗಳು ಬೇಗನೆ ಒಣಗಿ ಹೂಗಳು ನಿಷ್ಫಲವಾಗಿ ಉದುರುತ್ತವೆ. ಮುಂಗಾರು ಕಾಲಿಟ್ಟ ಮೇಲೆ ಕಾಯಿ ನಿಲ್ಲತೊಡಗುತ್ತದೆ.

ಸುತ್ತಿನ ಕಣ್ಣುಗಳ ನಡುವಣ ಗೆರೆಗಳು ಅಗಲವಾಗಿ ಕೆನೆಬಣ್ಣಕ್ಕೆ ತಿರುಗಿದಾಗ, ಅಂದರೆ ಕಾಯಿ ಕಣ್ಣುಬಿಟ್ಟಾಗ, ತೊಟ್ಟಿನೊಡನೆ ಕೊಯ್ಯಬೇಕು. ಹುಲ್ಲಿನಲ್ಲಿಯೋ ಅಕ್ಕಿಯ ಡಬ್ಬದಲ್ಲಿಯೋ ಮುಚ್ಚಿಟ್ಟರೆ ಕಾಯಿಯೇ ಹೊರಬಿಡುವ ಎಥಿಲೀನ್ ಅನಿಲ ಅಲ್ಲಿಯೇ ನಿಂತು, ಕೆಲವೇ ದಿನಗಳಲ್ಲಿ ಅದನ್ನು ಹಣ್ಣಾಗಿಸುತ್ತದೆ. ಹಸಿಗಾಯಿಯನ್ನು ಫ್ರಿಜ್ಜಿನಲ್ಲಿಟ್ಟರೆ ಸಿಪ್ಪೆ ಕಪ್ಪಾಗಿ ಕೆಡುತ್ತದೆ. ಬಾಸುಂದಿ ಮಾಡುವವರು ಹಾಲನ್ನು ಕಾಯಿಸಿ, ಇಂಗಿಸಿ, ಸಂಪೂರ್ಣ ತಣಿಸಿದ ಮೇಲೆಯೇ ತಿರುಳನ್ನು ಬೆರೆಸುತ್ತಾರೆ. ಏಕೆಂದರೆ ಈ ತಿರುಳು ಬೆಂದರೆ ಕಹಿಯಾಗುತ್ತದೆ. ಬೀಜ ಬಿಡಿಸುವ ಕೆಲಸ ಮಕ್ಕಳ ಪಾಲಿಗೆ ಬಂದರೂ ಅವುಗಳನ್ನು ಜಜ್ಜಲು ಬಿಡಬಾರದು. ಬೀಜದೊಳಗಿನ ಅಸೆಟೋಜೆನಿನ್ ಎಂಬ ದ್ರವ್ಯಗಳು ವಿಷಕರ, ಅದರ ಪುಡಿ ಕಣ್ಣಿಗೆ ಬಿದ್ದರೆ ಅಪಾಯಕರ.

ಸೊಟ್ಟ ಹಣ್ಣಿನ ತಿರುಳೂ ಅಷ್ಟೇ ಸಿಹಿ, ಪ್ರಮಾಣದಲ್ಲಿ ಮಾತ್ರ ಕಡಿಮೆ. ಹಿತ್ತಿಲಿನಲ್ಲಿ ಅಂಥವೇ ಹೆಚ್ಚಾದರೆ ಎರಡು ಉಪಾಯಗಳುಂಟು. ಹೂ ಬಿಡುವ ಕಾಲದಲ್ಲಿ ಗಿಡಕ್ಕೆ ಕೀಟನಾಶಕವನ್ನು ಸಿಂಪಡಿಸದಿರುವುದು ಒಂದು. ಪೂರ್ಣ ತೆರೆದ ಹೂಗಳ ಪರಾಗವನ್ನು ಕೂಡಿಸಿಕೊಂಡು, ಮುಂಜಾನೆಯ ತಂಪಿನಲ್ಲಿ ಅರೆಬಿರಿದ ಹೂಗಳೊಳಗೆ ಮೃದುವಾದ ಕುಂಚದಿಂದ ಸುತ್ತಲೂ ಸವರುವುದು ಇನ್ನೊಂದು. ಎರಡನೆಯದಕ್ಕೆ ತಾಳ್ಮೆ ಬೇಕು, ಪ್ರತಿ ಹೂವಿಗೂ ಬೇರೆಯಾಗಿ ಕೈ ಹಾಕಬೇಕು. ಮೊದಲನೆಯದನ್ನು ಪಾಲಿಸಿದವನಿಗೆ ಆ ದುಡಿಮೆಯ ಬಹುಭಾಗವನ್ನು ಜೀರುಂಡೆಯೇ ಕೂಲಿಯಿಲ್ಲದೆ ಮಾಡಿಕೊಡುತ್ತದೆ.