ಸೀಟು ಸಿಕ್ಕರೆ ಸಾಲದು, ಬ್ರಾಂಚ್ ವಿಚಾರಿಸಿ

ವಾಷಿಂಗ್ಟನ್ ಡಿ.ಸಿ., ಅಟ್ಲಾಂಟಾ, ಕೆರೊಲಿನಾ ಭಾಗದ ನಮ್ಮ ಮನೆಗಳಲ್ಲಿ ಮಕ್ಕಳು ಹನ್ನೊಂದನೇ ತರಗತಿಗೆ ಬಂದರೆ ಸಾಕು, ಎಂಜಿನಿಯರಿಂಗ್‌ಗೆ ಯಾವ ವಿಶ್ವವಿದ್ಯಾಲಯ ಎಂಬ ಚರ್ಚೆ ಶುರು. ಊರಿನ ಸಿಇಟಿಯಲ್ಲಿ ಸೀಟಿನ ಜೊತೆಗೇ ಬ್ರಾಂಚ್ ಸಿಗುತ್ತದೆ. ಇಲ್ಲಿ ಎಲ್ಲ ಕಡೆ ಹಾಗಿಲ್ಲ. ವರ್ಜೀನಿಯಾ ಟೆಕ್, ನಾರ್ತ್ ಕೆರೊಲಿನಾ ಸ್ಟೇಟ್, ಕ್ಲೆಮ್ಸನ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ವರ್ಷ ಎಲ್ಲರಿಗೂ ಒಂದೇ ಎಂಜಿನಿಯರಿಂಗ್. ಆ ವರ್ಷದ ಅಂಕ ನೋಡಿ ಬ್ರಾಂಚ್. ಹೀಗಾಗಿ ಮಕ್ಕಳು ಬಯಸಿದ ಬ್ರಾಂಚಿಗೆ ಎಷ್ಟು ಜಿಪಿಎ ಬೇಕೆಂದು ಮೊದಲೇ ತಿಳಿಯಬೇಕು. ಎಬೆಟ್ ಮಾನ್ಯತೆ ಇರುವುದೂ ಇಡೀ ಕಾಲೇಜಿಗಲ್ಲ, ಆಯಾ ಕೋರ್ಸಿಗೆ.

ಇನ್ನು ಶುಲ್ಕ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ರಾಜ್ಯದ ನಿವಾಸಿಗಳಿಗೆ ಶುಲ್ಕ ಬಹಳ ಕಡಿಮೆ. ಅದಕ್ಕೆ ಸಾಮಾನ್ಯವಾಗಿ 12 ತಿಂಗಳ ವಾಸ ಬೇಕು. ವೀಸಾ ಯಾವುದೆಂಬುದೂ ಲೆಕ್ಕಕ್ಕೆ ಬರುತ್ತದೆ. 1993ರಲ್ಲಿ ಆರಂಭವಾದ ಜಾರ್ಜಿಯಾದ ಹೋಪ್ ವಿದ್ಯಾರ್ಥಿವೇತನ ಎಚ್-4 ಮಕ್ಕಳಿಗೆ ಸಿಗುವುದಿಲ್ಲ. 21 ತುಂಬಿದರೆ ಎಚ್-4 ಕೂಡ ಮುಗಿಯುತ್ತದೆ, ಹಲವರಿಗೆ ಪದವಿಗೂ ಮೊದಲೇ. ಎಫ್-1ಕ್ಕೆ ಬದಲಾದರೆ ಶುಲ್ಕದ ರಿಯಾಯಿತಿ ಕೈತಪ್ಪಬಹುದು. ಗ್ರೀನ್ ಕಾರ್ಡ್ ಸರದಿಯಲ್ಲಿರುವ ಕುಟುಂಬಗಳು ಅರ್ಜಿ ಹಾಕುವ ಮುನ್ನವೇ ನಾಲ್ಕು ವರ್ಷದ ಖರ್ಚನ್ನು ಎರಡು ಬಗೆಯಲ್ಲಿ ಬರೆದಿಟ್ಟುಕೊಳ್ಳುವುದು ಲೇಸು: ರಿಯಾಯಿತಿ ಉಳಿದರೆ ಎಷ್ಟು, ತಪ್ಪಿದರೆ ಎಷ್ಟು.